ಎಸ್.ಪಿ. ರಸ್ತೆಯ ಮಹಡಿ ಅಂಗಡಿಯಲ್ಲಿ ನನ್ನ ಟ್ಯೂಬ್ ಆಂಪ್ ರಿಪೇರಿ

ಆನ್ ಮಾಡಿದ ಮೇಲೆ ಹದಿನೈದು ನಿಮಿಷ ನನ್ನ ಟ್ಯೂಬ್ ಆಂಪ್, ಅಂದರೆ ಹಳೇ ರೇಡಿಯೋದಂತೆ ಗಾಜಿನ ಟ್ಯೂಬ್ (ವಾಲ್ವ್) ಇರುವ, ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ, ಚೆನ್ನಾಗಿಯೇ ಇರುತ್ತಿತ್ತು. ಆಮೇಲೆ ಗುಂಯ್ ಅನ್ನುವ ಸದ್ದು ಮೆಲ್ಲಗೆ ಶುರು. ಇಪ್ಪತ್ತನೇ ನಿಮಿಷಕ್ಕೆ ಗಿಟಾರಿನ ಸದ್ದೇ ಮೆತ್ತಗಾಗಿ, ತಂತಿ ಎಷ್ಟು ಜೋರಾಗಿ ಮೀಟಿದರೂ ಒದ್ದೆ ಚೀಲಕ್ಕೆ ಹೊಡೆದ ಹಾಗೆ ಕೇಳುತ್ತಿತ್ತು. ಹಿಂದಿನಿಂದ ಬಗ್ಗಿ ನೋಡಿದರೆ ಸ್ಪೀಕರನ್ನು ನಡೆಸುವ ಎರಡು ಪವರ್ ಟ್ಯೂಬ್‌ಗಳಲ್ಲಿ ಎಡಗಡೆಯದ್ದು ಬೇರೆ ಬಣ್ಣದಲ್ಲಿರುತ್ತಿತ್ತು. ಟ್ಯೂಬಿನ ನಡುವೆ ಕಾಣುವ ಕಿತ್ತಳೆ ಬೆಳಕು ಹೀಟರಿನದು, ಅದು ಇರಲೇಬೇಕು. ಆದರೆ ಇಲ್ಲಿ ಸುತ್ತಲಿನ ಬೂದು ತಗಡೇ ಕಮ್ಮಾರನ ಕುಲುಮೆಯಲ್ಲಿಟ್ಟ ಹಾಗೆ ಕೆಂಪಗೆ ಕಾದಿತ್ತು. ಆ ತಗಡು ಪ್ಲೇಟು. ಅದು ಕೆಂಪಾಯಿತು ಅಂದರೆ ತಕ್ಷಣ ಸ್ವಿಚ್ ಆಫ್ ಮಾಡಬೇಕು.

ನಾನು ತುಮಕೂರಿನಲ್ಲಿ ಗಿಟಾರ್ ಪಾಠ ಹೇಳುತ್ತೇನೆ. ಈ ಆಂಪ್ ನನ್ನ ಅಕ್ಕ ನ್ಯೂಜೆರ್ಸಿಯಿಂದ ಬರುವಾಗ ತಂದುಕೊಟ್ಟದ್ದು. 15 ವ್ಯಾಟ್, ಎರಡು ಇಎಲ್84 ಪವರ್ ಟ್ಯೂಬ್, 12ಎಎಕ್ಸ್7 ಎಂಬ ಮೂರು ಸಣ್ಣ ಟ್ಯೂಬ್, ಹನ್ನೆರಡು ಇಂಚಿನ ಒಂದು ಸ್ಪೀಕರ್. ಅಮೆರಿಕದ್ದು, ಹಾಗಾಗಿ 120 ವೋಲ್ಟ್. ನಮ್ಮ 230 ವೋಲ್ಟಿಗೆ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಇದಕ್ಕಿಂತ ಹಗುರವಾದ, ಅಗ್ಗದ ಆಂಪ್‌ಗಳೂ ಇವೆ. ಆದರೆ ಬೆರಳು ಮೆಲ್ಲಗೆ ಮುಟ್ಟಿದರೆ ಮೆಲ್ಲಗೆ, ಒತ್ತಿ ಮೀಟಿದರೆ ಗೊರಗೊರ ಎಂದು ಮಾತಾಡುವುದು ಇದೊಂದೇ. ಅದಕ್ಕೇ ಬಿಡಲು ಮನಸ್ಸಿಲ್ಲ.

ಮೊದಲು ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. ಹೆಸರು ಬೇಡ. ಅವರು ಕೆಂಪಾದ ಟ್ಯೂಬ್ ನೋಡಿ "ಟ್ಯೂಬ್ ಹೋಗಿದೆ" ಎಂದರು. ಹೊಸ ಇಎಲ್84 ಜೋಡಿ ತರಿಸಿ ಹಾಕಿದರು. ಟ್ಯೂಬ್ ಮತ್ತು ಕೂಲಿ ಸೇರಿ 5,200 ರೂಪಾಯಿ. ಎರಡು ವಾರಕ್ಕೆ ಅದೇ ಕಥೆ. ಅದೇ ಎಡಗಡೆ, ಅದೇ ಕೆಂಪು. ಒಂದು ಸಂಜೆ ಪಾಠದ ಮಧ್ಯೆ ಫ್ಯೂಸ್ ಹೋಯಿತು. ಮತ್ತೆ ಒಯ್ದೆ. ಫ್ಯೂಸ್ ಬದಲಾಯಿಸಿ ಕೊಟ್ಟರು. ಯಾವ ಫ್ಯೂಸ್ ಹಾಕಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಹಳೇ ರೇಡಿಯೋ ಕೂಡಿಡುವ ಗೆಳೆಯರೊಬ್ಬರು ಟ್ಯೂಬ್ ರಿಪೇರಿ ಮಾಡುವ ಹಿರಿಯರೊಬ್ಬರ ಬಗ್ಗೆ ಹೇಳಿದರು. ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆ, ಅಂದರೆ ನಾವೆಲ್ಲ ಎಸ್.ಪಿ. ರಸ್ತೆ ಅನ್ನುವುದು. ಕಂಪ್ಯೂಟರ್ ಬಿಡಿಭಾಗ, ಕೇಬಲ್, ಎಲ್‌ಇಡಿ ದೀಪದ ಅಂಗಡಿಗಳ ನಡುವೆ ಒಬ್ಬರು ಮಾತ್ರ ಹೋಗುವಷ್ಟು ಅಗಲದ ಮೆಟ್ಟಿಲು. ಮೇಲೆ ಹತ್ತಡಿ ಅಗಲದ ಕೋಣೆ. ಬೋರ್ಡಿಲ್ಲ. ಅಂಗಡಿ ಹೆಸರು ಬರೆಯಬೇಡಿ, ಒಬ್ಬನೇ ಮಾಡುವ ಕೆಲಸ, ಜಾಸ್ತಿ ಜನ ಬಂದರೆ ಆಗುವುದಿಲ್ಲ ಎಂದು ಅವರೇ ಕೇಳಿಕೊಂಡಿದ್ದಾರೆ. ಆ ರಸ್ತೆಯಲ್ಲಿ ನಾಲ್ಕು ಕಡೆ "ವಾಲ್ವ್ ರೇಡಿಯೋ ರಿಪೇರಿ ಮಾಡುವವರು ಎಲ್ಲಿ?" ಎಂದು ಕೇಳಿ, ತೋರಿಸುತ್ತಾರೆ.

ಫೋನಿನಲ್ಲೇ ಅವರು ಒಂದು ಮಾತು ಹೇಳಿದ್ದರು. "ಆಂಪ್ ಒಂದೇ ತರಬೇಡಿ. ಗಿಟಾರ್, ಅದರ ಕೇಬಲ್, ಸ್ಟೆಪ್‌ಡೌನ್, ತೆಗೆದ ಹಳೇ ಟ್ಯೂಬ್, ಎಲ್ಲ ತನ್ನಿ. ಮನೆಯಲ್ಲಿ ಹೇಗೆ ಹಚ್ಚುತ್ತೀರೋ ಹಾಗೇ ಇಲ್ಲಿ ಹಚ್ಚಬೇಕು." ಬೆಳಗಿನ ರೈಲಿನಲ್ಲಿ ಅಷ್ಟನ್ನೂ ಹೊತ್ತುಕೊಂಡು ಹೋದೆ. ಮೆಜೆಸ್ಟಿಕ್‌ನಿಂದ ಆಟೋ. ಆ ಮೆಟ್ಟಿಲಲ್ಲಿ ಆಂಪ್ ಹತ್ತಿಸಲು ಕೆಳಗಿನ ಅಂಗಡಿ ಹುಡುಗ ಕೈ ಕೊಟ್ಟ.

ಹಿರಿಯರು ಆಂಪನ್ನು ಪೆಟ್ಟಿಗೆಯಿಂದ ಬಿಚ್ಚಿ ಷಾಸಿಯನ್ನು, ಅಂದರೆ ಭಾಗಗಳೆಲ್ಲ ಕೂತಿರುವ ಲೋಹದ ಚೌಕಟ್ಟನ್ನು, ಮೇಜಿನ ಮೇಲೆ ತಲೆಕೆಳಗು ಮಾಡಿ ಇಟ್ಟರು. ಮೊದಲ ಕೆಲಸ ಸ್ಪೀಕರ್ ತಂತಿ ಮತ್ತೆ ಸಿಕ್ಕಿಸುವುದು. ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪ್ ಆನ್ ಮಾಡಿ ಗಿಟಾರ್ ಬಾರಿಸಿದರೆ ಟ್ಯೂಬಿಗೂ ಸ್ಪೀಕರಿಗೂ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಎದ್ದು ಸುರುಳಿಯೇ ಸುಟ್ಟು ಹೋಗಬಹುದು. ಎರಡನೆಯದು ಫ್ಯೂಸ್ ಬಿಚ್ಚಿ ನೋಡುವುದು. ಹಿಂದೆ ಷಾಸಿಯ ಮೇಲೆ ಸ್ಪಷ್ಟವಾಗಿ 2 ಆಂಪಿಯರ್, ನಿಧಾನದ ಫ್ಯೂಸ್ ಎಂದು ಅಚ್ಚಾಗಿದೆ. ಒಳಗೆ ಇದ್ದದ್ದು 5 ಆಂಪಿಯರ್. ಅದನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ನನಗೆ ಹೊಟ್ಟೆಯೊಳಗೆ ತಣ್ಣಗಾಯಿತು. ಎರಡು ವಾರ ಆ ಫ್ಯೂಸ್ ಇಟ್ಟುಕೊಂಡೇ ಮಕ್ಕಳಿಗೆ ಪಾಠ ಮಾಡಿದ್ದೆ. ಸಣ್ಣ ಫ್ಯೂಸ್ ಹೋಗುವುದು ಟ್ರಾನ್ಸ್‌ಫಾರ್ಮರನ್ನು, ಮನೆಯನ್ನು ಉಳಿಸಲಿಕ್ಕೆ. ದೊಡ್ಡದು ಹಾಕಿದರೆ ಫ್ಯೂಸ್ ಉಳಿದು ಉಳಿದದ್ದೆಲ್ಲ ಸುಡುತ್ತದೆ. ಸರಿಯಾದ ಫ್ಯೂಸ್ ಹಾಕುವವರೆಗೆ ಅವರು ಪ್ಲಗ್ ಮುಟ್ಟಲಿಲ್ಲ.

ಆಮೇಲೆ ಗೋಡೆ ಮತ್ತು ಸ್ಟೆಪ್‌ಡೌನ್ ನಡುವೆ ಒಂದು ಮರದ ಹಲಗೆ ಬಂತು. ಅದರ ಮೇಲೆ ಹೋಲ್ಡರು, ಹೋಲ್ಡರಿನಲ್ಲಿ ಹಳೇ ಕಾಲದ 100 ವ್ಯಾಟಿನ ತಂತಿ ಬಲ್ಬು. ಕರೆಂಟು ಆ ಬಲ್ಬನ್ನು ದಾಟಿಯೇ ಆಂಪಿಗೆ ಹೋಗಬೇಕು. ಆಂಪಿನೊಳಗೆ ಎಲ್ಲೋ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ತಾನೇ ಕರೆಂಟನ್ನು ತಡೆಯುತ್ತದೆ. ಸರಿ ಇದ್ದರೆ ಒಮ್ಮೆ ಹೊಳೆದು ಮಂಕಾಗುತ್ತದೆ. ನನ್ನದು ಹೊಳೆದು ಮಂಕಾಯಿತು. "ಟ್ರಾನ್ಸ್‌ಫಾರ್ಮರ್ ಬದುಕಿದೆ" ಎಂದರು. ಆ ಮಾತು ಕೇಳಿ ಉಸಿರು ಬಂತು. ಎಲ್‌ಇಡಿ ಬಲ್ಬಿನಲ್ಲಿ ಈ ಕೆಲಸ ಆಗುವುದಿಲ್ಲ. ಹಳೇ ತಂತಿ ಬಲ್ಬುಗಳನ್ನು ಅವರು ಒಂದು ಬುಟ್ಟಿಯಲ್ಲಿ ಹುಲ್ಲು ಹಾಸಿ ಇಟ್ಟಿದ್ದಾರೆ.

ಇನ್ನು ನಾನು ಮರೆಯದ ಭಾಗ. ಬಲ್ಬು ತೆಗೆದು ನೇರವಾಗಿ ಆನ್ ಮಾಡಿ ಕಾದೆವು. ಹದಿಮೂರನೇ ನಿಮಿಷಕ್ಕೆ ಗುಂಯ್ ಶುರುವಾಯಿತು. ಅವರು ಮೀಟರ್ ಎತ್ತಲಿಲ್ಲ. "ಗಿಟಾರ್ ತೆಗೀರಿ. ಈ ಸದ್ದು ಯಾವ ಸ್ವರ, ಹುಡುಕಿ" ಎಂದರು. ನಾನು ದಪ್ಪ ತಂತಿಯಲ್ಲಿ ಒಂದೊಂದೇ ಮನೆ (ಫ್ರೆಟ್) ಒತ್ತುತ್ತಾ ಬಂದೆ. ಮೂರನೇ ಮನೆಯಲ್ಲಿ, ಜಿ ಸ್ವರದಲ್ಲಿ, ಎರಡೂ ಕೂಡಿಕೊಂಡವು. ಪೂರ್ತಿ ಕೂಡಲಿಲ್ಲ, ಸೆಕೆಂಡಿಗೆ ಎರಡು ಸಲ ವ್ಹಾ ವ್ಹಾ ಎಂದು ಅಲೆ ಬರುತ್ತಿತ್ತು. ಅವರ ಮುಖ ಅರಳಿತು. ಆ ಜಿ 98 ಹರ್ಟ್ಸ್. ಗುಂಯ್ ಸದ್ದು 100 ಹರ್ಟ್ಸ್. ಎರಡರ ವ್ಯತ್ಯಾಸವೇ ಆ ಎರಡು ಅಲೆ.

ಇದು ಯಾಕೆ ಮುಖ್ಯ ಅಂದರೆ, ನಮ್ಮ ಕರೆಂಟು 50 ಹರ್ಟ್ಸ್. ಕೇಬಲ್ ಕೆಟ್ಟಿದ್ದರೆ, ಹೀಟರ್ ತಂತಿಯಿಂದ ಸದ್ದು ನುಸುಳಿದರೆ, ಹತ್ತಿರದ ಟ್ರಾನ್ಸ್‌ಫಾರ್ಮರಿನಿಂದ ಬಂದರೆ, ಗುಂಯ್ ಬಹುಪಾಲು 50ರಲ್ಲೇ ಇರುತ್ತದೆ. ಅಂದರೆ ಆ ಜಿಗಿಂತ ಒಂದು ಸ್ಥಾಯಿ ಕೆಳಗೆ. ಆದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಎರಡೂ ಅರ್ಧ ಅಲೆಗಳನ್ನು ಒಂದೇ ಕಡೆಗೆ ತಿರುಗಿಸುವುದರಿಂದ ಅದರಾಚೆ ಉಳಿಯುವ ಕಂಪನ 100 ಆಗುತ್ತದೆ. ಹಾಗಾಗಿ ಸದ್ದು 100 ಅಂದರೆ ಗಿಟಾರು, ಕೇಬಲ್ಲು ಪಾರು. ದೋಷ ಹೈವೋಲ್ಟೇಜ್ ಕಡೆ ಇದೆ. ಮೀಟರ್ ಮುಟ್ಟುವ ಮೊದಲೇ ಅರ್ಧ ಆಂಪನ್ನು ಅವರು ಸಂಶಯದಿಂದ ಬಿಟ್ಟುಬಿಟ್ಟರು. ಅಮೆರಿಕದಲ್ಲಾದರೆ ಅದು 60 ಮತ್ತು 120, ಸ್ವರ ಬೇರೆ. ಅಕ್ಕನಿಗೆ ಫೋನಿನಲ್ಲಿ ಇದನ್ನೂ ಹೇಳಿದೆ.

ಇಷ್ಟರಲ್ಲಿ ಎಡಗಡೆ ಪ್ಲೇಟು ಕೆಂಪೇರಿತು. ತಕ್ಷಣ ಆಫ್.

100 ಹರ್ಟ್ಸ್‌ಗೆ ಎರಡು ಕಾರಣ ಇರಬಹುದು ಎಂದರು. ಒಂದು, ಆ ಕಂಪನವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿರಬೇಕು. ಇನ್ನೊಂದು, ಎರಡು ಪವರ್ ಟ್ಯೂಬ್‌ಗಳ ಸಮತೂಕ ತಪ್ಪಿರಬೇಕು. ಈ ಎರಡನೆಯದನ್ನು ಅವರು ಕಡೆಗೋಲಿನ ಹಗ್ಗದಲ್ಲಿ ಹೇಳಿದರು. ಮೊಸರು ಕಡೆಯುವಾಗ ಹಗ್ಗವನ್ನು ಎರಡು ಕೈ ಒಂದಾದ ಮೇಲೊಂದು ಎಳೆಯುತ್ತವಲ್ಲ, ಹಾಗೆ ಎರಡು ಟ್ಯೂಬ್ ಸೇರಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಎಳೆಯುತ್ತವೆ. ಎರಡು ಕೈಗಳೂ ಒಟ್ಟಿಗೆ ಎಳೆದರೆ ಕಡೆಗೋಲು ತಿರುಗುವುದೇ ಇಲ್ಲ. ಸಪ್ಲೈನಲ್ಲಿರುವ 100 ಹರ್ಟ್ಸ್ ಕಂಪನ ಎರಡೂ ಟ್ಯೂಬಿಗೆ ಒಟ್ಟಿಗೆ ಬರುವುದರಿಂದ ಅದು ಅಲ್ಲೇ ಸತ್ತು ಹೋಗುತ್ತದೆ, ನಮಗೆ ಕೇಳಿಸುವುದಿಲ್ಲ. ಒಂದು ಕೈ ಮಾತ್ರ ಜೋರಾದರೆ ಕೇಳಿಸುತ್ತದೆ. ಕೆಂಪಾಗಿರುವುದು ಒಂದೇ ಟ್ಯೂಬ್, ಮತ್ತು ಗುಂಯ್ ಬರುವುದು ಬಿಸಿಯಾದ ಮೇಲೆ. ಹಾಗಾಗಿ ಮೊದಲು ಅಲ್ಲೇ ನೋಡೋಣ ಎಂದರು.

ಇಎಲ್84ರಲ್ಲಿ ಎರಡನೇ ಪಿನ್ ಗ್ರಿಡ್, ಅಂದರೆ ಟ್ಯೂಬಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ. ನನ್ನಂಥ ಆಂಪಿನಲ್ಲಿ ಅಲ್ಲಿ ಡಿಸಿ ವೋಲ್ಟೇಜ್ ಸೊನ್ನೆ ಇರಬೇಕು. ಮತ್ತೆ ಆನ್ ಮಾಡಿ ಬಿಸಿಯಲ್ಲೇ ಅಳೆದರು. ಬಲಗಡೆ 0.02. ಎಡಗಡೆ 4 ವೋಲ್ಟ್, ಇನ್ನೂ ಏರುತ್ತಿತ್ತು. ಗ್ರಿಡ್ಡಿಗೆ ಪಾಸಿಟಿವ್ ವೋಲ್ಟೇಜ್ ಬಂದರೆ ನೀರಿನ ನಲ್ಲಿ ಪೂರ್ತಿ ತಿರುಗಿಸಿದ ಹಾಗೆ ಟ್ಯೂಬು ಕರೆಂಟು ಎಳೆಯುತ್ತದೆ, ಪ್ಲೇಟು ಕೆಂಪಾಗುತ್ತದೆ. ಆದರೆ ಆ 4 ವೋಲ್ಟ್ ಎಲ್ಲಿಂದ ಬಂತು? ಕೆಟ್ಟ ಟ್ಯೂಬೇ ಒಳಗಿನಿಂದ ಗ್ರಿಡ್ಡಿಗೆ ಸೋರಿಸಬಹುದು. ಅಥವಾ ಹಿಂದಿನ ಹಂತದಿಂದ ಸದ್ದನ್ನು ತರುವ ಕಪ್ಲಿಂಗ್ ಕೆಪಾಸಿಟರ್ ಸೋರಬಹುದು. ಆ ಕೆಪಾಸಿಟರಿನ ಒಂದು ತುದಿಯಲ್ಲಿ ಸುಮಾರು 200 ವೋಲ್ಟ್ ಡಿಸಿ ನಿಂತಿರುತ್ತದೆ. ಅದರ ಕೆಲಸ ಸದ್ದನ್ನು ಮಾತ್ರ ಆಚೆ ಬಿಟ್ಟು ಆ ಡಿಸಿಯನ್ನು ತಡೆಯುವುದು.

ಎರಡರಲ್ಲಿ ಯಾವುದು ಎಂದು ತಿಳಿಯಲು ಅವರು ಮಾಡಿದ್ದು ಎಷ್ಟು ಸರಳ ಅಂದರೆ, ನೋಡಿದ ಮೇಲೆ ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಅನಿಸಿತು. ಆಫ್ ಮಾಡಿ ಎರಡೂ ಇಎಲ್84 ಕಿತ್ತರು. ಖಾಲಿ ಸಾಕೆಟ್ಟಿನಲ್ಲೇ ಮತ್ತೆ ಆನ್ ಮಾಡಿದರು. ಎರಡನೇ ಪಿನ್ನಿಗೆ ಮೀಟರ್ ಹಿಡಿದರು. ಟ್ಯೂಬಿನ ತಪ್ಪಾಗಿದ್ದರೆ ವೋಲ್ಟೇಜ್ ಮಾಯವಾಗಬೇಕು. ಮಾಯವಾಗಲಿಲ್ಲ. 2.1. ಆಮೇಲೆ ಬೆಸುಗೆ ಕೋಲನ್ನು ಆ ಕಡಲೆಕಾಯಿ ಗಾತ್ರದ ಕೆಪಾಸಿಟರಿನ ಪಕ್ಕ ಹಿಡಿದರು, ಮುಟ್ಟಿಸಲಿಲ್ಲ, ಸುಮ್ನೆ ಬಿಸಿ ತಾಗುವಷ್ಟು. ಮೀಟರಿನಲ್ಲಿ 2.4. 2.9. 3.6. ಕೋಲು ದೂರ ಸರಿಸಿದರು. ಅಂಕಿ ನಿಧಾನಕ್ಕೆ ಇಳಿಯಿತು. ಆ ಇಳಿಯುವ ಅಂಕಿಗಳನ್ನು ನಾನು ಉಸಿರು ಬಿಡದೆ ನೋಡಿದೆ. ಆರು ತಿಂಗಳ ರೋಗ ಆ ನಾಲ್ಕು ಅಂಕಿಗಳಲ್ಲಿ ಕಣ್ಣಿಗೆ ಕಂಡಿತು.

0.022 ಮೈಕ್ರೋಫ್ಯಾರಡ್, 400 ವೋಲ್ಟಿನ ಕೆಪಾಸಿಟರ್. ತಣ್ಣಗಿದ್ದಾಗ ಸಾಮಾನ್ಯ ಮೀಟರಿನಲ್ಲಿ ನೋಡಿದರೆ ಅದು ಒಳ್ಳೆಯದೇ ಎಂದು ತೋರಿಸುತ್ತದೆ. ಮೀಟರ್ ಕೊಡುವುದು ಒಂದೆರಡು ವೋಲ್ಟ್. ಅದು ಸೋರುವುದು 200 ವೋಲ್ಟಿನಲ್ಲಿ, ಅದೂ ಬಿಸಿಯಾದಾಗ. ಹಾಗಾಗಿ ಮೊದಲ ಅಂಗಡಿಯವರಿಗೆ ಅದು ಕಾಣಲಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಫ್ಯೂಸಿನ ವಿಷಯವನ್ನು ಮಾತ್ರ ಒಪ್ಪಲು ಆಗುವುದಿಲ್ಲ.

ಮನೆಯಲ್ಲಿ ಇದನ್ನು ಮಾಡಲು ಹೊರಡುವವರಿಗೆ ಒಂದು ಮಾತು. ಟ್ಯೂಬ್ ಕಿತ್ತು ಅಳೆದ ಮೇಲೆ ಅವರು ಆಫ್ ಮಾಡಿ, ಪ್ಲಗ್ಗನ್ನೂ ಕಿತ್ತು, ಫಿಲ್ಟರ್ ಕೆಪಾಸಿಟರಿಗೆ ಮೀಟರ್ ಹಿಡಿದು ನನಗೆ ತೋರಿಸಿದರು. 340 ವೋಲ್ಟ್. ಗೋಡೆಗೆ ಸಂಬಂಧವೇ ಇಲ್ಲ, ಆದರೂ 340. ಪವರ್ ಟ್ಯೂಬ್ ಇದ್ದರೆ ಬಿಸಿಯಲ್ಲಿ ಅವೇ ಆ ಚಾರ್ಜನ್ನು ಕುಡಿದುಬಿಡುತ್ತವೆ. ಕಿತ್ತ ಮೇಲೆ ಅಷ್ಟು ಬೇಗ ಕುಡಿಯುವವರು ಯಾರೂ ಇಲ್ಲ. ಪ್ಲಾಸ್ಟಿಕ್ ಹಿಡಿಯ ಕ್ಲಿಪ್ಪಿಗೆ ಬೆಸೆದ ಒಂದು ದಪ್ಪ ರೆಸಿಸ್ಟರನ್ನು ಷಾಸಿಗೂ ಕೆಪಾಸಿಟರಿಗೂ ಸಿಕ್ಕಿಸಿದರು. ಅಂಕಿ ಸೊನ್ನೆಯ ಹತ್ತಿರ ಬಂದ ಮೇಲೇ ಒಳಗೆ ಬೆರಳು ಹೋಯಿತು. ಅಷ್ಟು ಹೊತ್ತೂ ಅವರ ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು. ಎರಡು ಕೈ ಒಳಗಿದ್ದರೆ ಕರೆಂಟು ಎದೆಯ ಮೂಲಕ ಹಾದು ಹೋಗುತ್ತದೆ. ಅಳೆಯುವಾಗ ಪ್ರಶ್ನೆ ಕೇಳಿದರೆ ಅವರು ಉತ್ತರ ಕೊಡುವುದಿಲ್ಲ. ಮೊದಲು ಸಿಡುಕು ಅನಿಸಿತು. ಆ 340 ನೋಡಿದ ಮೇಲೆ ಅದೇ ಸರಿ ಅನಿಸಿತು. ಇದರ ಅಭ್ಯಾಸ ಇಲ್ಲದವರು ದಯವಿಟ್ಟು ಷಾಸಿ ಬಿಚ್ಚಬೇಡಿ.

ಎರಡೂ ಕಡೆಯ ಕಪ್ಲಿಂಗ್ ಕೆಪಾಸಿಟರ್‌ಗಳನ್ನು 630 ವೋಲ್ಟಿನವಕ್ಕೆ ಬದಲಾಯಿಸಿದರು. ಒಂದೊಂದಕ್ಕೆ 40 ರೂಪಾಯಿ. ಜಾಸ್ತಿ ಕರೆಂಟಿನಿಂದ ಕಂದಿಹೋಗಿದ್ದ ಎಡಗಡೆಯ ಸ್ಕ್ರೀನ್ ರೆಸಿಸ್ಟರ್, ಕ್ಯಾಥೋಡ್ ಕೆಪಾಸಿಟರ್ ಎಂಬ ಎರಡು ಸಣ್ಣ ಭಾಗಗಳೂ ಬದಲಾದವು. ಎಡಗಡೆ ಕೆಂಪಾಗಿ ಬೆಂದ ಹೊಸ ಟ್ಯೂಬ್ ಇನ್ನು ನಂಬುವ ಹಾಗಿರಲಿಲ್ಲ. ನಾನು ತೆಗೆದುಕೊಂಡು ಹೋಗಿದ್ದ ಹಳೇ ಜೋಡಿಯಲ್ಲಿ ಬಲಗಡೆಯದ್ದು ಗಟ್ಟಿಯಾಗಿತ್ತು. ಅದನ್ನು ಮತ್ತು ಹೊಸ ಜೋಡಿಯ ಬಲಗಡೆಯದ್ದನ್ನು ಅಳೆದು ನೋಡಿ ಜೊತೆ ಮಾಡಿದರು. ಹೊಸದು ಕೊಳ್ಳಿ ಎಂದು ಒಂದು ಸಲವೂ ಹೇಳಲಿಲ್ಲ.

ಆ ಕೆಲಸ ಮುಗಿಸಿ ಚಹಾ ತರಿಸಿ, "ನಿಮಗೆ ಯಾವಾಗಲಾದರೂ ಮೈಕ್ ಮುಟ್ಟಿದಾಗ ತುಟಿಗೆ ಚುರ್ ಅಂದಿದೆಯಾ?" ಎಂದು ಕೇಳಿದರು. ಅಂದಿತ್ತು. ಗಣೇಶನ ಹಬ್ಬದ ಕಾರ್ಯಕ್ರಮದಲ್ಲಿ ಗಿಟಾರ್ ಹಿಡಿದು ಹಾಡಲು ಹೋದಾಗ ಎರಡು ಸಲ. ಮೈಕಿನವರ ತಪ್ಪು ಅಂದುಕೊಂಡಿದ್ದೆ. ಅವರು ಮೀಟರಿನ ಒಂದು ಕಡ್ಡಿಯನ್ನು ಆಂಪಿನ ಷಾಸಿಗೆ, ಇನ್ನೊಂದನ್ನು ಸ್ಟೆಪ್‌ಡೌನಿನ ಗೋಡೆ ಪ್ಲಗ್ಗಿನ ದಪ್ಪ ಅರ್ತ್ ಪಿನ್ನಿಗೆ ಹಿಡಿದರು. ಸಂಪರ್ಕವೇ ಇಲ್ಲ. ಸ್ಟೆಪ್‌ಡೌನ್ ಬಿಚ್ಚಿದರೆ ಮೂರು ತೂತಿನ ಸಾಕೆಟ್ಟಿನಲ್ಲಿ ಅರ್ತ್ ತೂತಿಗೆ ತಂತಿಯನ್ನೇ ಹಾಕಿರಲಿಲ್ಲ. ಹೊರಗಿನಿಂದ ನೋಡಿದರೆ ಮೂರು ಪಿನ್, ಒಳಗೆ ಎರಡೇ.

ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಷಾಸಿಗೆ ಸೇರಿರುತ್ತವೆ. ಷಾಸಿಗೆ ಅರ್ತ್ ಇಲ್ಲ, ಮೈಕಿಗೆ ಅರ್ತ್ ಇದೆ. ನಡುವೆ ಸಿಕ್ಕಿದ್ದು ನನ್ನ ಕೈ ಮತ್ತು ತುಟಿ. ಇಂಥ ಅಗ್ಗದ ಸ್ಟೆಪ್‌ಡೌನ್‌ಗಳು ಬಹಳಷ್ಟು ಆಟೋಟ್ರಾನ್ಸ್‌ಫಾರ್ಮರ್‌ಗಳು. ಒಂದೇ ಸುರುಳಿ, ಹಾಗಾಗಿ ಗೋಡೆಯ ಕರೆಂಟಿನಿಂದ ಬೇರ್ಪಡಿಸುವುದೇ ಇಲ್ಲ. ಆಂಪಿನೊಳಗೆ ಒಂದು ತಂತಿ ಷಾಸಿಗೆ ತಾಗಿದ್ದರೆ ಅದು ಚುರ್ ಅನ್ನುವಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಅವರು ಒಂದು ಹಸಿರು ತಂತಿ ಬೆಸೆದು ಮತ್ತೆ ಅಳೆದರು. 0.3 ಓಮ್. ಇದಕ್ಕೆ ದುಡ್ಡು ಹಿಡಿಯಲಿಲ್ಲ. ಅಮೆರಿಕದಿಂದ ಆಂಪ್ ತಂದುಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ದಯವಿಟ್ಟು ಇದೊಂದನ್ನು ಯಾರ ಹತ್ತಿರವಾದರೂ ಅಳೆಸಿ. ಗುಂಯ್ ಕಡಿಮೆಯಾಗುತ್ತದೆ ಎಂದು ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಹಾಕುವವರೂ ಇದ್ದಾರೆ. ಹಾಗೆ ಎಂದಿಗೂ ಮಾಡಬೇಡಿ.

ಅವರ ಕಪಾಟಿನಲ್ಲಿ ಮಾಸಿದ ಚಿಕ್ಕ ಚಿಕ್ಕ ರಟ್ಟಿನ ಡಬ್ಬಿಗಳು ಸಾಲಾಗಿ ಇವೆ. ಒಂದನ್ನು ಕೈಗೆ ಕೊಟ್ಟರು. ಬಿಇಎಲ್ ಎಂದು ಅಚ್ಚಾಗಿತ್ತು. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್. 1954ರಲ್ಲಿ ಶುರುವಾದ ಆ ಕಾರ್ಖಾನೆ 1960ರ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನು ಇಲ್ಲೇ ತಯಾರಿಸುತ್ತಿತ್ತು. ಡಬ್ಬಿಯೊಳಗೆ ಇದ್ದದ್ದು ಇಎಲ್84. ಇವತ್ತು ನಾವು ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ತರಿಸುವ ಟ್ಯೂಬ್ ಒಂದು ಕಾಲಕ್ಕೆ ಸಿಟಿ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ತಯಾರಾಗುತ್ತಿತ್ತು. ಮಾರುತ್ತೀರಾ ಎಂದು ಕೇಳಿದೆ. ಇಲ್ಲ, ಹಳೇ ರೇಡಿಯೋಗಳಿಗೆ ಬೇಕು ಎಂದು ಮತ್ತೆ ಕಪಾಟಿಗೆ ಇಟ್ಟರು.

ಆಂಪ್ ಅವತ್ತೇ ಕೊಡಲಿಲ್ಲ. ಬಿಸಿಯಲ್ಲಿ ಬಂದ ರೋಗ ಬಿಸಿಯಲ್ಲೇ ಹೋಗಿದೆಯೇ ನೋಡಬೇಕು ಎಂದು ಇಟ್ಟುಕೊಂಡರು. ದಿನಾ ನಾಲ್ಕು ಗಂಟೆ, ಮೂರು ದಿನ ಓಡಿಸಿದರಂತೆ. ನನ್ನದಕ್ಕಿಂತ ಮೊದಲೇ ಬಂದು ಕಾಯುತ್ತಿದ್ದ ಕೆಲಸಗಳೂ ಇದ್ದವು. ಒಟ್ಟು ಒಂಬತ್ತು ದಿನ ಹಿಡಿಯಿತು. ತರಲು ಹೋದಾಗ ಕೊನೆಯ ಅಳತೆಗಳನ್ನು ಬಾಯಲ್ಲಿ ಹೇಳಿದರು, ನಾನು ರೈಲಿನ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಪ್ಲೇಟು 305 ವೋಲ್ಟ್. ಕ್ಯಾಥೋಡ್ 10.8. ಗ್ರಿಡ್ ಎರಡೂ ಕಡೆ 0.01. ಹೀಟರ್ 6.5. ಪ್ಲೇಟೊಂದಕ್ಕೆ 11 ವ್ಯಾಟಿನ ಮೇಲೆ ಚೂರು ಬೀಳುತ್ತದೆ, ಇಎಲ್84ರ ಮಿತಿ 12. ಒಟ್ಟು ಬಿಲ್ಲು 2,150 ರೂಪಾಯಿ. ತೆಗೆದ ಬಿಡಿಭಾಗಗಳನ್ನೆಲ್ಲ ಒಂದು ಪೊಟ್ಟಣ ಕಟ್ಟಿ ಕೊಟ್ಟರು.

ನನಗೆ ಇಷ್ಟವಾಗದ್ದೂ ಇದೆ. ಅಳತೆಗಳನ್ನು ಅವರೇ ಒಂದು ಚೀಟಿಯಲ್ಲಿ ಬರೆದು ಕೊಡಬೇಕಿತ್ತು. ಮುಂದಿನ ಸಲ ಬೇರೆಯವರು ಬಿಚ್ಚಿದರೆ ಅದೇ ದೊಡ್ಡ ಸಹಾಯ. ರಸೀದಿ ಇಲ್ಲ, ಗ್ಯಾರಂಟಿ ಬಾಯಿ ಮಾತು. ಹನ್ನೊಂದು ಗಂಟೆಗೆ ಮೊದಲು ಫೋನ್ ಎತ್ತುವುದಿಲ್ಲ, ಒಂದೂವರೆಯಿಂದ ಮೂರರವರೆಗೆ ಬಾಗಿಲು ಹಾಕಿರುತ್ತದೆ, ಭಾನುವಾರ ರಜಾ. ಗಾಡಿ ನಿಲ್ಲಿಸಲು ಆ ರಸ್ತೆಯಲ್ಲಿ ಜಾಗವೇ ಇಲ್ಲ. ಸಣ್ಣ ಸಣ್ಣ ಚಿಪ್ ಇರುವ ಡಿಜಿಟಲ್ ಆಂಪ್ ಒಯ್ದರೆ ವಾಪಸ್ ಕಳಿಸುತ್ತಾರೆ. ಸದ್ದು ಬದಲಾಯಿಸಿ ಕೊಡಿ ಅಂದರೂ ಮಾಡುವುದಿಲ್ಲ. ಕೆಟ್ಟದ್ದನ್ನು ಸರಿ ಮಾಡುವುದಷ್ಟೇ.

ಒಯ್ಯುವ ಮೊದಲು ಮನೆಯಲ್ಲೇ ಎರಡು ನೋಡಿಕೊಳ್ಳಿ, ಷಾಸಿ ಬಿಚ್ಚದೆ ಆಗುತ್ತದೆ. ಗಿಟಾರ್ ಕೇಬಲ್ ಬದಲಾಯಿಸಿ ನೋಡಿ. ಆಮೇಲೆ ಸಣ್ಣ ಟ್ಯೂಬ್‌ಗಳನ್ನು ಒಂದೊಂದಾಗಿ ಬಿದಿರು ಕಡ್ಡಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಟಿಂಗ್ ಎಂದು ಗಂಟೆಯ ಹಾಗೆ ಜೋರಾಗಿ ಕೇಳಿದರೆ ಆ ಟ್ಯೂಬಿನ ಒಳಗಿನ ಭಾಗ ಸಡಿಲವಾಗಿದೆ, ಹೊಸದು ಹಾಕಿದರೆ ಸಾಕು. ಎಸ್.ಪಿ. ರಸ್ತೆವರೆಗೆ ಬರಬೇಕಾಗಿಲ್ಲ. ತೊಂದರೆ ಎಷ್ಟನೇ ನಿಮಿಷಕ್ಕೆ ಶುರುವಾಗುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಂಡು ಹೋಗಿ. ಅವರು ಕೇಳುವ ಮೊದಲ ಪ್ರಶ್ನೆ ಅದೇ.

ಆಂಪ್ ಬಂದು ಎರಡೂವರೆ ತಿಂಗಳಾಯಿತು. ಮೊನ್ನೆ ಶನಿವಾರ ಮಕ್ಕಳ ಜೊತೆ ಮೂರು ಗಂಟೆ ಒಂದೇ ಸಮ ಆನ್ ಇತ್ತು. ನಡುನಡುವೆ ಬಗ್ಗಿ ಹಿಂದೆ ನೋಡುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ. ಎರಡು ಟ್ಯೂಬ್‌ಗಳ ನಡುವೆಯೂ ಒಂದೇ ಕಿತ್ತಳೆ ಬೆಳಕು, ಸುತ್ತ ಬೂದು ತಗಡು.